ವಿಡಿಯೊ ಗೇಮ್‌ನಿಂದ ಬಿಡುವು ತೆಗೆದುಕೊಳ್ಳುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಮೈಸೂರಿನ ಪಿ.ಜಿ.ಗಳಲ್ಲಿ ಇದ್ದುಕೊಂಡು ಓದುವ ವಿದ್ಯಾರ್ಥಿಗಳು, ಮಂಡ್ಯದಿಂದ ದಿನವೂ ರೈಲಿನಲ್ಲಿ ಬಂದು ಹೋಗುವ ಉದ್ಯೋಗಿಗಳು, ಹೈಸ್ಕೂಲಿನ ಮಕ್ಕಳ ತಂದೆತಾಯಿಯರು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿರುವುದು ಒಂದೇ ಪ್ರಶ್ನೆ: ಆಟವನ್ನು ಪೂರ್ತಿ ಬಿಡುವ ಉದ್ದೇಶವಿಲ್ಲ, ಆದರೆ ಕೂತರೆ ಏಳಲು ಆಗುತ್ತಿಲ್ಲ, ಬಿಡುವು ತೆಗೆದುಕೊಳ್ಳುವುದು ಹೇಗೆ? ಮತ್ತೆ ಮತ್ತೆ ಬರುತ್ತಿರುವ ಈ ಪ್ರಶ್ನೆಗೆ ಒಂದೇ ಕಡೆ, ವಿವರವಾಗಿ ಉತ್ತರ ಕೊಡುವ ಪ್ರಯತ್ನವಿದು.

ಉತ್ತರದ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಆಟ ಶುರುಮಾಡುವ ಮೊದಲೇ ತೀರ್ಮಾನಿಸಬೇಕು, ಮತ್ತು ಆ ಜಾಗ ಆಟದ ಒಳಗಿನ ಸಹಜವಾದ ನಿಲುಗಡೆಯೊಂದಕ್ಕೆ ಹೊಂದಿಕೊಂಡಿರಬೇಕು. ಆಡುತ್ತಿರುವಾಗ ಮಾಡುವ ತೀರ್ಮಾನ ಸಾಮಾನ್ಯವಾಗಿ ಉಳಿಯುವುದಿಲ್ಲ. ಟಿ.ವಿ. ಧಾರಾವಾಹಿ ಅರ್ಧ ಗಂಟೆಗೆ ತಾನಾಗಿಯೇ ಮುಗಿಯುತ್ತದೆ. ಈಗಿನ ಬಹುಪಾಲು ಮೊಬೈಲ್ ಆಟಗಳಿಗೆ ಕೊನೆ ಎಂಬುದೇ ಇಲ್ಲ. ಒಂದು ಮ್ಯಾಚ್ ಮುಗಿದ ಕೂಡಲೇ ಮುಂದಿನದಕ್ಕೆ ಬಟನ್ ಸಿದ್ಧವಾಗಿರುತ್ತದೆ, ಬಹುಮಾನ ಯಾವಾಗ ಸಿಗುತ್ತದೆ ಎಂಬುದು ಮುಂಚೆ ತಿಳಿಯುವುದಿಲ್ಲ, ಹಾಗೆ ತಿಳಿಯದಿರುವುದೇ ಕೈಯನ್ನು ಇನ್ನೊಮ್ಮೆ ಆ ಬಟನ್ ಕಡೆಗೆ ಎಳೆಯುತ್ತದೆ. ಆದ್ದರಿಂದ ನಿಲ್ಲಿಸಲು ಆಗದವರು ತಮ್ಮ ಮನಸ್ಸು ದುರ್ಬಲವೆಂದು ಹಳಿದುಕೊಳ್ಳುವ ಅಗತ್ಯವಿಲ್ಲ.

ಇಲ್ಲಿ ಎರಡು ಬಗೆಯ ಬಿಡುವುಗಳ ಬಗ್ಗೆ ಹೇಳಿದ್ದೇನೆ. ಆಡುತ್ತಿರುವಾಗಲೇ ಐದು–ಹತ್ತು ನಿಮಿಷ ಎದ್ದುಹೋಗುವುದು ಕಿರುಬಿಡುವು. ವಾರವೋ ಹದಿನೈದು ದಿನವೋ ಆಟವನ್ನು ಮುಟ್ಟದೆ ಇರುವುದು ದೀರ್ಘ ಬಿಡುವು. ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ಒಂದು ನೋಟ್‌ಬುಕ್, ಅಲಾರಂ ಇರುವ ಒಂದು ಮೇಜಿನ ಗಡಿಯಾರ, ಮೊಬೈಲಿನ ಸೆಟ್ಟಿಂಗ್ಸ್ ಸರಿಪಡಿಸಲು ಅರ್ಧ ಗಂಟೆಯ ಸಮಯ, ಮತ್ತು ನಿಮ್ಮ ತೀರ್ಮಾನ ಗೊತ್ತಿರುವ ಒಬ್ಬ ವ್ಯಕ್ತಿ.

ಶುರುಮಾಡುವ ಮೊದಲು ನೋಡಿಕೊಳ್ಳಬೇಕಾದದ್ದು

ಎಲ್ಲರಿಗೂ ಬಿಡುವೊಂದೇ ಸಾಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಆವೃತ್ತಿಗೆ 2019ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು, 2022ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಅದರಲ್ಲಿ ‘ಗೇಮಿಂಗ್ ಡಿಸಾರ್ಡರ್’, ಅಂದರೆ ಆಟದ ಗೀಳು, ಒಂದು ಕಾಯಿಲೆಯಾಗಿ ಸೇರಿದೆ. ಇದಕ್ಕೆ ಅಲ್ಲಿ ಮೂರು ಲಕ್ಷಣಗಳನ್ನು ಹೇಳಲಾಗಿದೆ: ಆಟದ ಮೇಲೆ ಹಿಡಿತ ತಪ್ಪುವುದು, ಊಟ ನಿದ್ದೆ ಓದು ಕೆಲಸಗಳಿಗಿಂತ ಆಟವೇ ಮುಂದಾಗುವುದು, ಹಾನಿಯಾಗುತ್ತಿದ್ದರೂ ಆಟ ಮುಂದುವರಿಯುವುದು. ಇವು ಬದುಕನ್ನು ಗಂಭೀರವಾಗಿ ಕೆಡಿಸುವ ಮಟ್ಟಕ್ಕೆ, ಸಾಮಾನ್ಯವಾಗಿ ಕನಿಷ್ಠ 12 ತಿಂಗಳು ಕಂಡುಬಂದರೆ ಮಾತ್ರ ಕಾಯಿಲೆಯೆಂದು ಪರಿಗಣಿಸುತ್ತಾರೆ. ರಜೆಯಲ್ಲಿ ನಾಲ್ಕು ದಿನ ಹೆಚ್ಚು ಆಡಿದ ಮಗುವಿಗೆ ಈ ಹೆಸರನ್ನು ಅಂಟಿಸುವುದು ತಪ್ಪು.

ಆದರೆ ಕಾಲೇಜಿಗೆ ಹೋಗುವುದೇ ನಿಂತಿದ್ದರೆ, ಹಗಲು ರಾತ್ರಿ ಅದಲುಬದಲಾಗಿದ್ದರೆ, ಆಟಕ್ಕಾಗಿ ಸಾಲ ಮಾಡಿದ್ದರೆ, ಅಥವಾ ಬದುಕೇ ಬೇಡವೆನಿಸುತ್ತಿದ್ದರೆ 12 ತಿಂಗಳು ಕಾಯಬೇಡಿ, ಈ ಲೇಖನದ ಹಂತಗಳನ್ನು ಒಬ್ಬರೇ ಪ್ರಯತ್ನಿಸುತ್ತಲೂ ಕೂರಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿಯೂ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜಾದ ಮಿಮ್ಸ್‌ನಲ್ಲಿಯೂ ಮನೋರೋಗ ವಿಭಾಗಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ‘ಶಟ್ ಕ್ಲಿನಿಕ್’ ಎಂಬ ಪ್ರತ್ಯೇಕ ಸೇವೆ 2014ರಿಂದ ನಡೆಯುತ್ತಿದೆ. ಇನ್ನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿಷಯವೇ ಬೇರೆ. ಅವನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಅಂಥ ಆಟಗಳಿಂದ ವಾರದ ಬಿಡುವು ತೆಗೆದುಕೊಂಡು ಮತ್ತೆ ಮರಳುವ ಯೋಚನೆ ಬೇಡವೇ ಬೇಡ.

ಹಂತ 1: ಒಂದು ವಾರ ಬರೆದಿಡಿ, ಏನನ್ನೂ ಬದಲಿಸಬೇಡಿ

ಎಷ್ಟು ಆಡುತ್ತೀರಿ ಎಂದು ಕೇಳಿದರೆ ಬಹುತೇಕರು ಕಡಿಮೆಯೇ ಹೇಳುತ್ತಾರೆ, ಏಕೆಂದರೆ ಹತ್ತು ಹತ್ತು ನಿಮಿಷದ ತುಣುಕುಗಳು ಲೆಕ್ಕಕ್ಕೆ ಸಿಗುವುದಿಲ್ಲ. ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’, ಐಫೋನ್‌ನಲ್ಲಿ ‘ಸ್ಕ್ರೀನ್ ಟೈಮ್’ ಎಂಬ ಭಾಗ ತೆರೆದರೆ ಯಾವ ಆಟಕ್ಕೆ ಎಷ್ಟು ಹೊತ್ತು ಹೋಗಿದೆ ಎಂಬುದು ಕಾಣುತ್ತದೆ. ಆ ಲೆಕ್ಕ ಆ ಮೊಬೈಲಿಗೆ ಮಾತ್ರ ಸಂಬಂಧಿಸಿದ್ದು. ಕಂಪ್ಯೂಟರ್‌ನಲ್ಲಿ ‘ಸ್ಟೀಮ್’ ಎಂಬ ಆನ್‌ಲೈನ್ ಗೇಮ್ ಅಂಗಡಿಯ ಮೂಲಕ ಆಡುವವರು, ಪ್ಲೇಸ್ಟೇಷನ್ ಇರುವವರು ಅಲ್ಲಿನ ಗಂಟೆಗಳನ್ನೂ ಕೂಡಿಸಬೇಕು.

ನೋಟ್‌ಬುಕ್ಕಿನಲ್ಲಿ ಪ್ರತಿ ಸಲ ನಾಲ್ಕು ವಿಷಯ ಬರೆಯಿರಿ: ಶುರುವಾದ ಹೊತ್ತು, ಮುಗಿದ ಹೊತ್ತು, ಯಾರ ಜೊತೆ ಆಡಿದಿರಿ, ಯಾವ ಕಾರಣಕ್ಕೆ ನಿಲ್ಲಿಸಿದಿರಿ. ಕೊನೆಯ ಅಂಕಣ ಬಹಳ ಮುಖ್ಯವಾದುದು. ‘ಚಾರ್ಜ್ ಮುಗಿಯಿತು’, ‘ಅಮ್ಮ ಬೈದರು’, ‘ಸ್ಟೇಷನ್ ಬಂತು’ ಎಂಬ ಕಾರಣಗಳೇ ಸಾಲಾಗಿ ಬಂದರೆ, ನೀವಾಗಿಯೇ ನಿಲ್ಲಿಸಿದ್ದು ಎಷ್ಟು ಕಡಿಮೆ ಎಂಬುದು ವಾರದ ಕೊನೆಗೆ ಕಣ್ಣೆದುರಿಗೇ ಇರುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಬರೆಯಲು ಶುರುಮಾಡಿದ ದಿನವೇ ಉತ್ಸಾಹದಿಂದ ಆಟವನ್ನು ಅರ್ಧಕ್ಕೆ ಇಳಿಸುವುದು. ಹಾಗೆ ಮಾಡಿದರೆ ನಿಜವಾದ ಅಭ್ಯಾಸ ಏನೆಂಬುದು ಗೊತ್ತಾಗುವುದಿಲ್ಲ.

ಹಂತ 2: ನಿಮ್ಮ ಆಟದ ನಿಲುಗಡೆಗಳನ್ನು ಗುರುತಿಸಿ

ಇಡೀ ಕೆಲಸದ ಜೀವಾಳ ಈ ಹಂತದಲ್ಲಿದೆ. ‘ಒಂಬತ್ತೂವರೆಗೆ ನಿಲ್ಲಿಸುತ್ತೇನೆ’ ಎಂದು ಗಡಿಯಾರಕ್ಕೆ ಮಾತ್ರ ಕಟ್ಟಿಕೊಂಡ ತೀರ್ಮಾನ ಮುರಿಯುವುದು ಏಕೆಂದರೆ, ಒಂಬತ್ತೂವರೆಗೆ ಸರಿಯಾಗಿ ನೀವು ಮ್ಯಾಚಿನ ನಡುವೆ ಇರುತ್ತೀರಿ. ಆಗ ಎದ್ದರೆ ಜೊತೆಗಾರರಿಗೆ ಮೋಸವಾಗುತ್ತದೆ, ರ‍್ಯಾಂಕ್ ಕಳೆದುಹೋಗುತ್ತದೆ. ಏಳದಿದ್ದರೆ ತೀರ್ಮಾನ ಮುರಿಯುತ್ತದೆ.

ಮ್ಯಾಚ್‌ಗಳಾಗಿ ನಡೆಯುವ ಆಟಗಳಲ್ಲಿ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಬಿ.ಜಿ.ಎಂ.ಐ. (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಗುಂಡು ಹಾರಿಸುವ ಮೊಬೈಲ್ ಆಟದ ದೊಡ್ಡ ಮ್ಯಾಪಿನಲ್ಲಿ ಕೊನೆಯವರೆಗೆ ಉಳಿದರೆ ಒಂದು ಕ್ಲಾಸಿಕ್ ಮ್ಯಾಚಿಗೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಒಂಬತ್ತೂವರೆಗೆ ಊಟಕ್ಕೆ ಕೂರಬೇಕಾದರೆ, ಒಂಬತ್ತು ಗಂಟೆಯಾದ ಮೇಲೆ ಹೊಸ ಮ್ಯಾಚ್ ಶುರುಮಾಡಬಾರದು. ಆದ್ದರಿಂದ ಅಲಾರಂ ಇಡಬೇಕಾದದ್ದು ಒಂಬತ್ತಕ್ಕೆ. ಅದು ಹೊಡೆದಾಗ ನೀವು ಮ್ಯಾಚಿನಲ್ಲಿದ್ದರೆ ನಿಶ್ಚಿಂತೆಯಿಂದ ಮುಗಿಸಿ, ಲಾಬಿಯಲ್ಲಿದ್ದರೆ, ಅಂದರೆ ಮುಂದಿನ ಮ್ಯಾಚಿಗೆ ಕಾಯುವ ಜಾಗದಲ್ಲಿದ್ದರೆ, ಅಲ್ಲಿಂದಲೇ ಹೊರಬನ್ನಿ. ಅಲಾರಂ ಹೇಳುವುದು ‘ಈಗ ನಿಲ್ಲಿಸು’ ಎಂದಲ್ಲ, ‘ಇನ್ನು ಹೊಸದು ಬೇಡ’ ಎಂದು. ಈ ಒಂದು ಬದಲಾವಣೆಯಿಂದಲೇ ಅನೇಕ ಮನೆಗಳ ರಾತ್ರಿ ಜಗಳ ಕಡಿಮೆಯಾಗಬಲ್ಲದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೂರು ಅಥವಾ ಐದು ನಿಮಿಷದ ಆನ್‌ಲೈನ್ ಚೆಸ್‌ನಂಥ ಚಿಕ್ಕ ಆಟಗಳು ಹಾನಿಯಿಲ್ಲದಂತೆ ಕಾಣುತ್ತವೆ, ಆದರೆ ‘ಇನ್ನೊಂದೇ’ ಎಂಬುದು ಇವುಗಳಲ್ಲಿ ಬಲು ಸುಲಭ. ಇಲ್ಲಿ ಹೊತ್ತಿನ ಬದಲು ಸಂಖ್ಯೆಯನ್ನು ಗೊತ್ತುಮಾಡಿ: ಇವತ್ತು ಆರು ಆಟ, ಸೋತರೂ ಗೆದ್ದರೂ ಆರೇ. ಸೋಲಿನ ಮೇಲೆ ಏಳಲು ಮನಸ್ಸು ಬರುವುದಿಲ್ಲ, ಗೆಲುವಿನ ಮೇಲೂ ಬರುವುದಿಲ್ಲ. ಆದ್ದರಿಂದ ಫಲಿತಾಂಶವನ್ನು ನಿಲುಗಡೆಯಾಗಿ ಇಟ್ಟುಕೊಳ್ಳಬೇಡಿ.

ಕತೆಯಿರುವ ಆಟಗಳಲ್ಲಿ ನಿಲುಗಡೆ ಎಂದರೆ ಸೇವ್ ಆಗುವ ಜಾಗ, ಅಂದರೆ ನೀವು ಅಲ್ಲಿಯವರೆಗೆ ಸಾಧಿಸಿದ್ದು ದಾಖಲಾಗುವ ಜಾಗ. ಅಧ್ಯಾಯದ ಕೊನೆಯಲ್ಲಿ ಸಾಮಾನ್ಯವಾಗಿ ಹೊಸ ತಿರುವೊಂದನ್ನು ಇಟ್ಟಿರುತ್ತಾರೆ, ಆದ್ದರಿಂದ ಅಧ್ಯಾಯ ಮುಗಿಯುವುದಕ್ಕೆ ಸ್ವಲ್ಪ ಮೊದಲಿನ ಸೇವ್‌ನಲ್ಲಿಯೇ ಏಳುವುದು ಸುಲಭ. ಮೈನ್‌ಕ್ರಾಫ್ಟ್‌ನಂಥ, ಕೊನೆಯೇ ಇಲ್ಲದ ಆಟದಲ್ಲಿ ಅದರೊಳಗಿನ ಹಗಲು ರಾತ್ರಿಗಳನ್ನೇ ಬಳಸಿಕೊಳ್ಳಬಹುದು. ಅಲ್ಲಿನ ಒಂದು ಪೂರ್ತಿ ದಿನ ನಮ್ಮ 20 ನಿಮಿಷಕ್ಕೆ ಸಮ. ಮೂರನೆಯ ರಾತ್ರಿ ಆಟದೊಳಗಿನ ಹಾಸಿಗೆಯಲ್ಲಿ ಮಲಗಿದ ಮೇಲೆ ನಿಲ್ಲಿಸುವುದೆಂದು ಮಗುವಿನೊಡನೆ ಒಪ್ಪಂದ ಮಾಡಿಕೊಂಡರೆ ಅದು ಒಂದು ಗಂಟೆಯೊಳಗೆ ಮುಗಿಯುವ ಆಟವಾಗುತ್ತದೆ (ಮಲಗಿದಾಗ ರಾತ್ರಿ ಬೇಗ ಕಳೆಯುವುದರಿಂದ, ಹಿಂದಿನ ರಾತ್ರಿಗಳಲ್ಲೂ ಮಲಗಿದ್ದರೆ ಇನ್ನೂ ಕಡಿಮೆ), ಮತ್ತು ನಿಲ್ಲಿಸುವ ಕ್ಷಣವನ್ನು ಮಗುವೇ ತನ್ನ ಕಣ್ಣಿನಿಂದ ನೋಡುತ್ತದೆ.

ಕಂಪನಿಗಳೇ ಹಾಕಿರುವ ಮಿತಿಯನ್ನು ಸಲಹೆಯೆಂದು ತಿಳಿಯಬೇಡಿ. ಬಿ.ಜಿ.ಎಂ.ಐ. ಸರ್ಕಾರದ ತಡೆ ತೆರವಾಗಿ 2023ರ ಮೇ ತಿಂಗಳಲ್ಲಿ ಮರಳಿ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಎಂದು ಮಿತಿ ಇಟ್ಟಿತ್ತು. ಅದು ದಾಟಬಾರದ ಗಡಿ; ದಿನಕ್ಕೆ 6 ಗಂಟೆ ಆಡಿದರೆ ತೊಂದರೆಯಿಲ್ಲ ಎಂಬ ಭರವಸೆಯಲ್ಲ.

ಹಂತ 3: ಕಿರುಬಿಡುವನ್ನು ರೂಢಿಸಿಕೊಳ್ಳಿ

ಪ್ರತಿ ಮ್ಯಾಚ್ ಮುಗಿದಾಗ, ಅಥವಾ ಮುಕ್ಕಾಲು ಗಂಟೆಗೊಮ್ಮೆ, ಕುರ್ಚಿಯಿಂದ ಎದ್ದು ಐದು ನಿಮಿಷವಾದರೂ ಬೇರೆ ಕೋಣೆಗೋ ಹೊರಗಡೆಗೋ ಹೋಗಿ. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಕಣ್ಣಿನ ವೈದ್ಯರು ಹೇಳುವ 20-20-20 ಎಂಬ ಸೂತ್ರ ಸುಲಭವಾದದ್ದು: 20 ನಿಮಿಷಕ್ಕೊಮ್ಮೆ, 20 ಅಡಿ ದೂರದಲ್ಲಿರುವುದನ್ನು, 20 ಸೆಕೆಂಡ್ ನೋಡುವುದು. ಇಪ್ಪತ್ತು ಅಡಿ ಎಂದರೆ ಕೋಣೆಯ ಎದುರುಗೋಡೆ ಸಾಲದು. ಕಿಟಕಿಯಾಚೆ ರಸ್ತೆಯ ಆ ಬದಿಯ ತೆಂಗಿನ ಮರವನ್ನೋ ಎದುರು ಮನೆಯ ನೀರಿನ ಟ್ಯಾಂಕನ್ನೋ ನೋಡಿ. ಹೆಬ್ಬೆರಳು, ಮಣಿಕಟ್ಟುಗಳನ್ನು ಸಡಿಲಿಸಿ, ನೀರು ಕುಡಿಯಿರಿ.

ಹೆಡ್‌ಫೋನ್ ಹಾಕಿ ಆಡುವವರು ಕಿವಿಗೂ ಬಿಡುವು ಕೊಡಬೇಕು. ದೊಡ್ಡವರಿಗೆ 80 ಡೆಸಿಬಲ್ ಮಟ್ಟದ ಸದ್ದು ವಾರಕ್ಕೆ 40 ಗಂಟೆಗಿಂತ ಹೆಚ್ಚಾಗಬಾರದು, ಮಕ್ಕಳಿಗೆ 75 ಡೆಸಿಬಲ್ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಡೆಸಿಬಲ್ ಎಂದರೆ ಸದ್ದಿನ ತೀವ್ರತೆಯ ಅಳತೆ. ಆಟ ಮುಗಿದ ಮೇಲೂ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಉದಾಸೀನ ಮಾಡಬೇಡಿ. ಮಾನಸಗಂಗೋತ್ರಿಯ ಪಕ್ಕದಲ್ಲಿಯೇ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯ ಪರೀಕ್ಷೆ ಮಾಡಿಸಿಕೊಳ್ಳಬಹುದು.

ಎಚ್ಚರಿಕೆಯ ಮಾತು: ಬಿಡುವಿನ ಐದು ನಿಮಿಷದಲ್ಲಿ ರೀಲ್ಸ್ ನೋಡುವುದು, ಬೇರೆಯವರು ಆಡುವುದನ್ನು ಯೂಟ್ಯೂಬಿನಲ್ಲಿ ನೋಡುವುದು ಬಿಡುವಲ್ಲ. ಕಣ್ಣಿಗೂ ತಲೆಗೂ ಅದು ಆಟದ ಮುಂದುವರಿಕೆಯೇ.

ಹಂತ 4: ರಾತ್ರಿಯನ್ನು ಮೊದಲು ಸರಿಪಡಿಸಿ

ದೀರ್ಘ ಬಿಡುವಿಗೆ ಮೊದಲು ನಿದ್ದೆ ಹಳಿಗೆ ಬರಲಿ. ಮಲಗುವ ಒಂದು ಗಂಟೆ ಮೊದಲು ಕೊನೆಯ ಮ್ಯಾಚ್ ಮುಗಿದಿರಬೇಕು, ಮೊಬೈಲ್ ಮಲಗುವ ಕೋಣೆಯ ಹೊರಗೆ ಚಾರ್ಜ್ ಆಗಬೇಕು. ‘ಅಲಾರಂಗೆ ಬೇಕು’ ಎಂಬ ನೆಪ ಬರುತ್ತದೆಂದೇ ಮೇಜಿನ ಗಡಿಯಾರವನ್ನು ಸಾಮಗ್ರಿಗಳಲ್ಲಿ ಸೇರಿಸಿದ್ದು. ಪಿ.ಜಿ.ಯಲ್ಲಿ ಇರುವವರಿಗೆ ಇದು ಕಷ್ಟ, ಊಟವಾದ ಮೇಲೆ ಹನ್ನೊಂದಕ್ಕೇ ಅಲ್ಲಿ ತಂಡ ಸೇರುವುದು. ಅಂಥವರು ಆಡುವ ಹೊತ್ತನ್ನೇ ಸಂಜೆಗೆ ತರಲು ಗೆಳೆಯರನ್ನು ಒಪ್ಪಿಸಬೇಕು. ಒಬ್ಬ ಒಪ್ಪಿದರೂ ಸಾಕು.

ಹಂತ 5: ದೀರ್ಘ ಬಿಡುವಿಗೆ ದಿನ ಗೊತ್ತುಮಾಡಿ

ಮೊದಲ ಸಲ ಒಂದು ವಾರ ಸಾಕು, ಮುಂದೆ ಎರಡು ವಾರ. ಶುರುವಾಗುವ ದಿನ, ಮುಗಿಯುವ ದಿನ ಎರಡನ್ನೂ ಬರೆಯಿರಿ. ‘ಸ್ವಲ್ಪ ದಿನ ಬಿಡುತ್ತೇನೆ’ ಎಂದರೆ ಮೂರನೆಯ ದಿನವೇ ಆ ಸ್ವಲ್ಪ ಮುಗಿದಿರುತ್ತದೆ.

ಆಟದಲ್ಲಿ ಸೀಸನ್ ಮುಗಿದ ಮಾರನೆಯ ದಿನ ಶುರುಮಾಡುವುದು ಒಳ್ಳೆಯದು. ಸೀಸನ್ ಎಂದರೆ ರ‍್ಯಾಂಕ್‌ಗಳನ್ನು ಲೆಕ್ಕ ಹಾಕುವ ಅವಧಿ. ಅದು ಬದಲಾದಾಗ ಅನೇಕ ಆಟಗಳಲ್ಲಿ ದಿನವೂ ಆಡಿದವರ ರ‍್ಯಾಂಕ್ ಕೂಡ ಕೆಳಗಿಳಿಯುತ್ತದೆ. ಹಬ್ಬದ ವಿಶೇಷ ಬಹುಮಾನಗಳು ಶುರುವಾದ ದಿನ ಬಿಡುವು ಆರಂಭಿಸಿದರೆ ಕಳೆದುಕೊಳ್ಳುವ ಭಯವೇ ಮನಸ್ಸನ್ನು ತುಂಬಿಕೊಳ್ಳುತ್ತದೆ.

ದಸರಾ ರಜೆಯಲ್ಲಿ ಶುರುಮಾಡುವುದು ಒಳ್ಳೆಯದೇ ಎಂದು ಹಲವರು ಕೇಳುತ್ತಾರೆ. ಮನೆಯಲ್ಲಿ ನೆಂಟರಿದ್ದು ಊರು ಸುತ್ತುವ ಕಾರ್ಯಕ್ರಮವಿದ್ದರೆ ಒಳ್ಳೆಯದು. ಖಾಲಿ ಮನೆಯಲ್ಲಿ ಒಬ್ಬರೇ ಇರುವುದಾದರೆ ಬೇಡ. ಎಸ್‌ಎಸ್‌ಎಲ್‌ಸಿ, ಪಿಯುಸಿ ವಿದ್ಯಾರ್ಥಿಗಳು ಪರೀಕ್ಷೆಯ ಹಿಂದಿನ ದಿನ ಆಟ ನಿಲ್ಲಿಸಿದರೆ ಮೊದಲ ದಿನಗಳ ಚಡಪಡಿಕೆಯನ್ನೂ ಪರೀಕ್ಷೆಯ ಭಯವನ್ನೂ ಒಟ್ಟಿಗೆ ಅನುಭವಿಸಬೇಕಾಗುತ್ತದೆ. ಕನಿಷ್ಠ ಒಂದು ತಿಂಗಳು ಮುಂಚೆ ಶುರುಮಾಡಬೇಕು.

ಹಂತ 6: ತಂಡಕ್ಕೆ ತಿಳಿಸಿ

ಹೇಳದೆ ಕೇಳದೆ ಮಾಯವಾದರೆ ಕರೆಗಳು ಬರುತ್ತವೆ, ಮೊದಲ ಕರೆಗೇ ಬಿಡುವು ಮುಗಿಯುತ್ತದೆ. ಗುಂಪಿಗೆ ಒಂದು ಸರಳ ಸಂದೇಶ ಕಳಿಸಿ: ‘ಸೋಮವಾರದಿಂದ ಎರಡು ವಾರ ಆಡುವುದಿಲ್ಲ. 15ನೇ ದಿನ ನಾನೇ ಮೆಸೇಜ್ ಮಾಡುತ್ತೇನೆ. ಅಲ್ಲಿಯವರೆಗೆ ನನ್ನ ಜಾಗಕ್ಕೆ ಬೇರೆಯವರನ್ನು ಸೇರಿಸಿಕೊಳ್ಳಿ.’ ಕಾರಣ ವಿವರಿಸುವ ಅಗತ್ಯವಿಲ್ಲ. ವಿವರಿಸಿದರೆ ವಾದ ಶುರುವಾಗುತ್ತದೆ. ಕ್ಲಾನ್ ನಾಯಕತ್ವ ನಿಮ್ಮದಾಗಿದ್ದರೆ ಅದನ್ನು ಇನ್ನೊಬ್ಬರಿಗೆ ವಹಿಸಿ. ಕ್ಲಾನ್ ಎಂದರೆ ಒಟ್ಟಿಗೆ ಆಡುವವರ ನೋಂದಾಯಿತ ಬಳಗ. ಆಟದ ಆಚೆಗೂ ಗೆಳೆಯರಾಗಿರುವವರನ್ನು ಈ ದಿನಗಳಲ್ಲಿ ಮುಖಾಮುಖಿ ಭೇಟಿಯಾಗಿ. ಬಿಡುವು ಆಟದಿಂದ, ಅವರಿಂದಲ್ಲ.

ಹಂತ 7: ಮೊಬೈಲನ್ನು ಸಿದ್ಧಗೊಳಿಸಿ

ಆಟವನ್ನು ಅಳಿಸುವ ಮೊದಲು ಖಾತೆಯನ್ನು ನೋಡಿ. ‘ಗೆಸ್ಟ್’ ಆಗಿ, ಅಂದರೆ ಯಾವ ಖಾತೆಗೂ ಜೋಡಿಸದೆ ಆಡುತ್ತಿದ್ದರೆ, ಆ್ಯಪ್ ಅಳಿಸಿದಾಗ ವರ್ಷಗಳ ಸಾಧನೆ ಅಳಿಸಿಹೋಗಬಹುದು. ಮೊದಲು ಗೂಗಲ್ ಖಾತೆಗೋ ಬೇರೆ ಖಾತೆಗೋ ಜೋಡಿಸಿ, ಆಮೇಲೆ ಅಳಿಸಿ. ಮಕ್ಕಳ ಮೊಬೈಲಿನಿಂದ ಆಟ ತೆಗೆಯುವ ತಂದೆತಾಯಿಯರು ಇದನ್ನು ಖಂಡಿತ ಮರೆಯಬಾರದು. ಮರಳಿ ಬಂದಾಗ ಎಲ್ಲವೂ ಇರುತ್ತದೆ ಎಂಬ ನಂಬಿಕೆಯ ಮೇಲೆ ಮಗು ಒಪ್ಪಿರುತ್ತದೆ; ಆ ನಂಬಿಕೆ ಒಡೆದರೆ ಮುಂದಿನ ಒಪ್ಪಂದವೇ ಇರುವುದಿಲ್ಲ.

ಎರಡನೆಯದು ಹಣದ ವಿಷಯ. ತಿಂಗಳು ತಿಂಗಳು ಹಣ ಕಟ್ಟುವ ಚಂದಾ ಇದ್ದರೆ ಆ್ಯಪ್ ಅಳಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಪ್ಲೇ ಸ್ಟೋರಿನ ‘ಸಬ್‌ಸ್ಕ್ರಿಪ್ಷನ್ಸ್’ ಭಾಗಕ್ಕೆ ಹೋಗಿ ರದ್ದುಮಾಡಿ, ಯು.ಪಿ.ಐ. ಆ್ಯಪಿನಲ್ಲಿ ಆಟೋಪೇ ಇದ್ದರೆ ಅದನ್ನೂ ನೋಡಿ.

ಅಳಿಸಲು ಇಷ್ಟವಿಲ್ಲದವರು ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ ಆ ಆಟಕ್ಕೆ ‘ಆ್ಯಪ್ ಟೈಮರ್’ ಹಾಕಬಹುದು. ಗೊತ್ತುಮಾಡಿದ ಹೊತ್ತು ಮುಗಿದ ಮೇಲೆ ಆಟ ಆ ದಿನಕ್ಕೆ ತೆರೆಯುವುದಿಲ್ಲ. ಅದರ ಕೊರತೆಗಳು ಎರಡು: ಮಧ್ಯರಾತ್ರಿ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, ಮತ್ತು ಹಾಕಿದವರೇ ತೆಗೆಯಬಹುದು. ಐಫೋನ್‌ನ ಸ್ಕ್ರೀನ್ ಟೈಮ್‌ಗೆ ಪಾಸ್‌ಕೋಡ್ ಇಡಬಹುದು, ಅದನ್ನು ಅಕ್ಕನಿಂದಲೋ ರೂಮ್‌ಮೇಟ್‌ನಿಂದಲೋ ಹಾಕಿಸಿ, ನೀವು ನೋಡಬೇಡಿ. ಮಕ್ಕಳ ಆಂಡ್ರಾಯ್ಡ್ ಮೊಬೈಲಿಗೆ ಗೂಗಲ್‌ನ ‘ಫ್ಯಾಮಿಲಿ ಲಿಂಕ್’ ಇದೆ. ತಂದೆತಾಯಿಯ ಮೊಬೈಲಿನಿಂದಲೇ ಹೊತ್ತಿನ ಮಿತಿ ಹಾಕಬಹುದು. ಆದರೆ ಮಗುವಿಗೆ ಹೇಳಿ ಹಾಕಿ, ಕದ್ದು ಹಾಕಬೇಡಿ. ಮ್ಯಾಚಿನ ನಡುವೆ ವೈಫೈ ಆರಿಸುವುದು, ಮೊಬೈಲ್ ಕಿತ್ತುಕೊಳ್ಳುವುದು ಇವೆರಡೂ ಜಗಳವನ್ನು ಬೆಳೆಸುತ್ತವೆಯೇ ಹೊರತು ಬಿಡುವನ್ನು ಕಲಿಸುವುದಿಲ್ಲ. ‘ಈ ಮ್ಯಾಚ್ ಎಷ್ಟು ಹೊತ್ತಿಗೆ ಮುಗಿಯುತ್ತೆ?’ ಎಂದು ಕೇಳಿ, ಹೇಳಿದ ಹೊತ್ತಿಗೆ ಎದುರಿಗೆ ಹೋಗಿ ನಿಲ್ಲಿ.

ಹಂತ 8: ಖಾಲಿಯಾದ ಹೊತ್ತಿಗೆ ಮೊದಲೇ ಕೆಲಸ ಹಚ್ಚಿ

ಆಟ ನಿಮಗೆ ಏನು ಕೊಡುತ್ತಿತ್ತು ಎಂದು ಯೋಚಿಸಿ, ಅದನ್ನೇ ಬೇರೆ ಕಡೆ ಹುಡುಕಿ. ಪೈಪೋಟಿ ಬೇಕಾಗಿದ್ದವರಿಗೆ ಸಂಜೆಯ ನಡಿಗೆ ಸಪ್ಪೆ ಎನಿಸುತ್ತದೆ. ಅವರು ಶಟಲ್, ಕಬಡ್ಡಿ, ಕ್ಲಬ್ಬಿನ ಚೆಸ್ ಕಡೆಗೆ ಹೋಗಬೇಕು. ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣ, ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣಗಳಲ್ಲಿ ಜೊತೆಗಾರರು ಸಿಗುತ್ತಾರೆ. ತಲೆಯ ಗದ್ದಲದಿಂದ ತಪ್ಪಿಸಿಕೊಳ್ಳಲು ಆಡುತ್ತಿದ್ದವರಿಗೆ ಕುಕ್ಕರಹಳ್ಳಿ ಕೆರೆಯ ಏರಿ, ಚಾಮುಂಡಿ ಬೆಟ್ಟದ ಮೆಟ್ಟಿಲು ಹಿಡಿಸುತ್ತವೆ. ಮಂಡ್ಯದ ಕಡೆಯ ಹುಡುಗರಿಗೆ ಒಂದು ಮಾತು: ರಜೆಯ ಬೇಸರ ಕಳೆಯಲೆಂದು ವಿಶ್ವೇಶ್ವರಯ್ಯ ನಾಲೆಗೆ ಈಜಲು ಇಳಿಯಬೇಡಿ, ನೀರಿನ ಸೆಳೆತ ಅಪಾಯಕಾರಿ.

ಆಡುವ ಆಸೆಯೇ ಕೆಟ್ಟದ್ದೆಂದು ನಾನು ಭಾವಿಸಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿ ಹೊಸ ಹೊಸ ಮಣೆ ಆಟಗಳನ್ನೂ ಗಂಜೀಫಾ ಎಲೆಯಾಟಗಳನ್ನೂ ರೂಪಿಸಿದ ಊರು ಇದು. ಚೌಕಾಬಾರಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಇಪ್ಪತ್ತೈದು ಮನೆ, ನಾಲ್ಕು ಕವಡೆ ಸಾಕು. ನಾಲ್ವರು ಕೂತರೆ ತಂತ್ರ, ಅದೃಷ್ಟ, ಕಾಯಿ ಕಡಿದಾಗಿನ ಕೂಗು ಎಲ್ಲವೂ ಅಲ್ಲಿರುತ್ತವೆ, ಮತ್ತು ನಾಲ್ಕೂ ಕಾಯಿ ಹಣ್ಣಾದಾಗ ಆಟ ನಿಜವಾಗಿ ಮುಗಿಯುತ್ತದೆ.

ಹಂತ 9: ಮೊದಲ ದಿನಗಳನ್ನು ದಾಟಿ

ಮೊದಲ ಮೂರು–ನಾಲ್ಕು ದಿನ ಸಿಡುಕು, ಬೇಸರ, ಸುಮ್ಮನೆ ಮೊಬೈಲ್ ತೆರೆಯುವ ಚಟ ಇರುತ್ತವೆ. ಆಡಬೇಕೆನಿಸಿದಾಗ ಆ ಆಸೆಯೊಡನೆ ಜಗಳಕ್ಕೆ ಇಳಿಯದೆ ಕಾಲು ಗಂಟೆ ಮುಂದೂಡಿ, ಆ ಹೊತ್ತಿನಲ್ಲಿ ಜಾಗ ಬದಲಿಸಿ; ಸಾಮಾನ್ಯವಾಗಿ ಅದರ ಬಿರುಸು ಇಳಿಯುತ್ತದೆ. ನಡುವೆ ಒಂದು ದಿನ ಆಡಿಬಿಟ್ಟರೆ ‘ಹೇಗಿದ್ದರೂ ಕೆಟ್ಟಿತು’ ಎಂದು ಉಳಿದ ದಿನಗಳನ್ನೂ ಕೈಬಿಡಬೇಡಿ. ಯಾವ ಹೊತ್ತಿನಲ್ಲಿ, ಯಾರ ಮಾತಿಗೆ ಆಡಿದಿರಿ ಎಂದು ಬರೆದು, ಮೊದಲು ಗೊತ್ತುಮಾಡಿದ ದಿನದವರೆಗೇ ಮುಂದುವರಿಸಿ.

ಹಂತ 10: ಮರಳುವಾಗ

ಬಿಡುವು ಮುಗಿದ ದಿನ ತಪ್ಪಿಹೋದದ್ದನ್ನೆಲ್ಲ ಒಂದೇ ರಾತ್ರಿಯಲ್ಲಿ ತುಂಬಿಕೊಳ್ಳಲು ಕೂರುವುದು, ಹಿಂದೆ ಬಿದ್ದೆನೆಂದು ಹಣ ಕೊಟ್ಟು ಪಾಸ್, ಅಂದರೆ ಆಟದೊಳಗೆ ಹೆಚ್ಚಿನ ಬಹುಮಾನ ಕೊಡುವ ಸೌಲಭ್ಯ, ಕೊಳ್ಳುವುದು ಇಲ್ಲಿನ ದೊಡ್ಡ ಅಪಾಯಗಳು. ಮೊದಲ ವಾರ ದಿನ ಬಿಟ್ಟು ದಿನ ಆಡಿ. ಆಟದ ನೋಟಿಫಿಕೇಶನ್‌ಗಳನ್ನು ಆರಿಸಿಯೇ ಇಡಿ. ದಿನವೂ ಲಾಗಿನ್ ಆದರೆ ಸಿಗುವ ಬಹುಮಾನವನ್ನು ವಾರಕ್ಕೆ ಎರಡು ಸಲವಾದರೂ ಬೇಕೆಂದೇ ಬಿಟ್ಟುಬಿಡಿ, ಏಕೆಂದರೆ ನಿಮ್ಮನ್ನು ದಿನವೂ ಕರೆತರುವುದಕ್ಕಾಗಿಯೇ ಅದು ಇರುವುದು. ಬಿಡುವಿನಲ್ಲಿ ಯಾವ ಆಟದ ನೆನಪು ಬಂತು, ಯಾವುದರ ನೆನಪೇ ಆಗಲಿಲ್ಲ ಎಂಬುದನ್ನು ಗಮನಿಸಿ. ನೆನಪಾಗದ ಆಟವನ್ನು ಮೊಬೈಲಿಗೆ ಮತ್ತೆ ಹಾಕಿಕೊಳ್ಳುವ ಅಗತ್ಯವಿಲ್ಲ. ಉಳಿದದ್ದಕ್ಕೆ ಎರಡನೆಯ ಹಂತದಲ್ಲಿ ಹೇಳಿದ ಅಲಾರಂ ಮೊದಲ ದಿನದಿಂದಲೇ ಇರಲಿ, ಮತ್ತು ಮುಂದಿನ ದೀರ್ಘ ಬಿಡುವಿನ ತಾರೀಕನ್ನು ಆಟ ತೆರೆಯುವ ಮೊದಲೇ ಕ್ಯಾಲೆಂಡರಿನಲ್ಲಿ ಗುರುತುಮಾಡಿ.